ಎಮಿಗ್ರೇಟ್, ಇಮಿಗ್ರೇಟ್, ಮೈಗ್ರೇಟ್: ನೀವೆಲ್ಲ ಹೇಗೆ ನೆನಪಿಟ್ಟುಕೊಂಡಿದ್ದೀರಿ?

ಪ್ರಶ್ನೆ, ಶಿವಮೊಗ್ಗದಿಂದ:
ದ್ವಿತೀಯ ಪಿಯುಸಿಯಲ್ಲಿರುವ ನನ್ನ ಮಗಳು, ಕೆನಡಾದಲ್ಲಿ ನೆಲೆಸಿರುವ ತನ್ನ ಸೋದರಮಾವನ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವಾಗ ‘ಇಮಿಗ್ರೇಟೆಡ್ ಫ್ರಮ್ ಇಂಡಿಯಾ’ ಎಂದು ಬರೆದಿದ್ದಳು. ಅಧ್ಯಾಪಕರು ಅದನ್ನು ‘ಎಮಿಗ್ರೇಟೆಡ್’ ಎಂದು ತಿದ್ದಿದ್ದಾರೆ. ಆದರೆ ಮುಂದಿನ ಪುಟದಲ್ಲಿ ಅದೇ ಮಾವನನ್ನು ‘ಇಮಿಗ್ರೆಂಟ್’ ಎಂದು ಕರೆದಿರುವುದನ್ನು ಸರಿಯೆಂದು ಹಾಗೆಯೇ ಬಿಟ್ಟಿದ್ದಾರೆ. ಒಬ್ಬನೇ ಮನುಷ್ಯ ಎರಡೂ ಆಗುವುದು ಹೇಗೆ? ಅವಳಿಗೆ ತಿಳಿಸಿ ಹೇಳಲು ನನ್ನಿಂದ ಆಗಲಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿಕೊಡಿ.

ಧಾರವಾಡದ ನಿವೃತ್ತ ಅಧ್ಯಾಪಕರೊಬ್ಬರು:
ಮೂವತ್ತು ವರ್ಷ ಇದೇ ಪಾಠ ಮಾಡಿದವನು ನಾನು. ಮೊದಮೊದಲು ಲ್ಯಾಟಿನ್ ಮೂಲದಿಂದ ಆರಂಭಿಸುತ್ತಿದ್ದೆ, ಮಕ್ಕಳು ಆಕಳಿಸುತ್ತಿದ್ದರು. ಆಮೇಲೆ ಮದುವೆ ಮನೆಯಿಂದ ಆರಂಭಿಸಿದೆ. ಮದುಮಗಳು ಹೊರಟಾಗ ತವರಿನವರು ‘ಮಗಳು ಹೋದಳು’ ಎನ್ನುತ್ತಾರೆ, ಅದೇ ಸಂಜೆ ಗಂಡನ ಮನೆಯವರು ‘ಸೊಸೆ ಬಂದಳು’ ಎನ್ನುತ್ತಾರೆ. ಹುಡುಗಿಯೂ ಒಬ್ಬಳೇ, ಪ್ರಯಾಣವೂ ಒಂದೇ, ಮಾತನಾಡುವವರು ನಿಂತ ಹೊಸ್ತಿಲು ಮಾತ್ರ ಬೇರೆ. ಎಮಿಗ್ರೇಟ್ ಎಂಬುದು ತವರಿನವರ ಕ್ರಿಯಾಪದ, ಇಮಿಗ್ರೇಟ್ ಎಂಬುದು ಗಂಡನ ಮನೆಯವರದು. ನಿಮ್ಮ ಮಗಳ ಮಾವ ಭಾರತದ ಲೆಕ್ಕದಲ್ಲಿ ಎಮಿಗ್ರೆಂಟ್, ಕೆನಡಾದ ಲೆಕ್ಕದಲ್ಲಿ ಇಮಿಗ್ರೆಂಟ್. ‘ವಲಸೆ ಹೋಗು’, ‘ವಲಸೆ ಬಾ’ ಎಂದು ಕನ್ನಡ ಸಹಾಯಕ್ಕೆ ಇನ್ನೊಂದು ಕ್ರಿಯಾಪದವನ್ನು ಕರೆದು ಮಾಡುವ ಕೆಲಸವನ್ನು ಇಂಗ್ಲಿಷು ಪದದ ತಲೆಗೆ ಅಂಟಿಸಿದ ಉಪಸರ್ಗದಿಂದ ಮಾಡುತ್ತದೆ.

ಕಾಗುಣಿತದ ಗೊಂದಲಕ್ಕೂ ಉತ್ತರ ಅಲ್ಲಿಯೇ ಇದೆ. ‘ಒಳಗೆ’ ಎಂಬರ್ಥದ ‘ಇನ್’ ಎಂಬುದು ‘ಮಿಗ್ರಾರೆ’ ಎಂಬ ಲ್ಯಾಟಿನ್ ಧಾತುವಿಗೆ ಸೇರಿದಾಗ ಅದರ ನಕಾರ ಪಕ್ಕದ ಮಕಾರಕ್ಕೆ ಒಲಿದು ತಾನೂ ಮಕಾರವಾಯಿತು. ಸಂಧಿ ಕಲಿತ ನಮಗೆ ಇದು ಹೊಸತೇನಲ್ಲ. ಹೀಗಾಗಿ ಅಲ್ಲಿ ಎರಡು ‘ಎಮ್’. ‘ಹೊರಗೆ’ ಎಂಬರ್ಥದ ‘ಎಕ್ಸ್’ ಎಂಬುದು ‘ಇ’ ಅಕ್ಷರವಷ್ಟೇ ಆಗಿ ಸವೆದುದರಿಂದ ಎಮಿಗ್ರೇಟ್‌ನಲ್ಲಿ ಒಂದೇ ‘ಎಮ್’. ‘ಎಕ್ಸಿಟ್’ ಎಂಬ ಫಲಕವನ್ನು ನೆನೆದರೆ ಹೊರಗೆ ಹೋಗುವ ಪದ ಯಾವುದೆಂಬುದು ಮರೆಯುವುದಿಲ್ಲ.

ಬೆಂಗಳೂರಿನ ಅನುವಾದಕಿ:
ಮೇಷ್ಟ್ರ ಹೊಸ್ತಿಲಿನ ಮಾತನ್ನು ಒಪ್ಪುತ್ತೇನೆ. ಆದರೆ ಅದನ್ನು ‘ಎಮಿಗ್ರೇಟ್ ಜೊತೆ ಫ್ರಮ್, ಇಮಿಗ್ರೇಟ್ ಜೊತೆ ಟು’ ಎಂಬ ಸೂತ್ರಕ್ಕೆ ಇಳಿಸಿ ಬಾಯಿಪಾಠ ಮಾಡಿಸುವುದು ಬೇಡ. ‘ದೆ ಎಮಿಗ್ರೇಟೆಡ್ ಟು ಆಸ್ಟ್ರೇಲಿಯಾ’ ಎಂಬುದು ಶುದ್ಧ ಇಂಗ್ಲಿಷ್. ಬಿಟ್ಟುಹೋದವರ ಕಡೆ ನಿಂತು, ಅವರು ತಲುಪಿದ ಜಾಗವನ್ನೂ ಹೇಳಿದಂತೆ. ಹಾಗೆಯೇ, ಕೆನಡಾದವರೊಬ್ಬರು ನಿಮ್ಮ ಮಗಳ ವಾಕ್ಯವನ್ನೇ ಬರೆದಿದ್ದರೆ ನಾನು ಕೆಂಪು ಗೆರೆ ಎಳೆಯುತ್ತಿರಲಿಲ್ಲ. ಅವಳು ಶಿವಮೊಗ್ಗದಲ್ಲಿ ಕುಳಿತು ಬರೆದಿರುವುದರಿಂದ ತಿದ್ದುಪಡಿ ಸರಿ. ನನ್ನ ವಿರೋಧ ಸೂತ್ರಕ್ಕೆ ಮಾತ್ರ.

ಎರಡೂ ಕಡೆ ಸಮನಾಗಿ ನಿಲ್ಲಬೇಕಾದಾಗ ಮೈಗ್ರೇಟ್ ಒದಗುತ್ತದೆ. ಇದಕ್ಕೆ ನಮ್ಮ ಸಂವಿಧಾನದ ಇಂಗ್ಲಿಷ್ ಪಠ್ಯಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ದೇಶ ವಿಭಜನೆಯ ಕಾಲದ ಪೌರತ್ವವನ್ನು ಕುರಿತ 6ನೆಯ ವಿಧಿ ಪಾಕಿಸ್ತಾನದಿಂದ ಇಲ್ಲಿಗೆ ಬಂದವರನ್ನೂ, 7ನೆಯ ವಿಧಿ ಇಲ್ಲಿಂದ ಅಲ್ಲಿಗೆ ಹೋದವರನ್ನೂ ‘ಮೈಗ್ರೇಟೆಡ್’ ಎಂಬ ಒಂದೇ ಪದದಿಂದ ಹೇಳುತ್ತವೆ. ದಿಕ್ಕನ್ನು ತಿಳಿಸುವ ಕೆಲಸ ‘ಟು’ ಮತ್ತು ‘ಫ್ರಮ್’ಗಳದು. ಅದನ್ನು ಅನುವಾದಿಸಲು ಕುಳಿತರೆ ಕನ್ನಡದಲ್ಲಿ ‘ಬಂದ’, ‘ಹೋದ’ ಎಂದು ಬಿಡಿಸಿ ಬರೆಯದೆ ವಿಧಿಯಿಲ್ಲ.

ಮಂಗಳೂರಿನಿಂದ ಒಬ್ಬರು:
ನನಗೆ ಈ ಪಾಠ ಆದದ್ದು ತಂದೆಯವರ ಹಳೆಯ ಪಾಸ್‌ಪೋರ್ಟಿನಿಂದ. ಅವರು ಹತ್ತನೆಯ ತರಗತಿ ಮುಗಿಸಿರಲಿಲ್ಲವಾದ್ದರಿಂದ ಅದರಲ್ಲಿ ‘ಎಮಿಗ್ರೇಶನ್ ಚೆಕ್ ರಿಕ್ವೈರ್ಡ್’ ಎಂಬ ಮುದ್ರೆಯಿತ್ತು. ಅದು ಅಚ್ಚಿನ ತಪ್ಪು ಎಂದು ನಾನು ಬಹಳ ಕಾಲ ನಂಬಿದ್ದೆ, ಏಕೆಂದರೆ ವಿಮಾನ ನಿಲ್ದಾಣದಲ್ಲಿ ಹೋಗುವಾಗಲೂ ಬರುವಾಗಲೂ ಎಲ್ಲರೂ ‘ಇಮಿಗ್ರೇಶನ್ ಮುಗಿಯಿತೇ?’ ಎಂದೇ ಕೇಳುತ್ತಾರೆ. ಎರಡೂ ದಿಕ್ಕಿನ ತಪಾಸಣೆ ಮಾಡುವ ಇಲಾಖೆಯ ಹೆಸರೇ ಬ್ಯೂರೋ ಆಫ್ ಇಮಿಗ್ರೇಶನ್. ಕಾಯ್ದೆಗಳು ಮಾತ್ರ ಈ ವಿಷಯದಲ್ಲಿ ಕಟ್ಟುನಿಟ್ಟು: ಕೆಲಸಕ್ಕೆಂದು ಹೊರದೇಶಕ್ಕೆ ಹೋಗುವ ನಮ್ಮವರಿಗೆ 1983ರ ಎಮಿಗ್ರೇಶನ್ ಕಾಯ್ದೆ, ಇಲ್ಲಿಗೆ ಬರುವ ಹೊರಗಿನವರಿಗೆ 2025ರ ಇಮಿಗ್ರೇಶನ್ ಮತ್ತು ವಿದೇಶಿಯರ ಕಾಯ್ದೆ.

ಇನ್ನೊಂದು ಮಾತು. ಕೊಲ್ಲಿ ದೇಶಕ್ಕೆ ದುಡಿಯಲು ಹೋದವರನ್ನು ‘ಇಮಿಗ್ರೇಟೆಡ್ ಟು ದುಬೈ’ ಎಂದು ಬರೆದರೆ ಕಿವಿಗೆ ಒಗ್ಗುವುದಿಲ್ಲ. ಆ ಪದದಲ್ಲಿ ಅಲ್ಲಿಯೇ ನೆಲೆಯೂರುವ ಅರ್ಥವಿದೆ. ತಂದೆಯವರು ಎರಡು ವರ್ಷಕ್ಕೊಮ್ಮೆ ರಜೆಗೆ ಬಂದು, ಕೊನೆಗೆ ಊರಿನಲ್ಲಿಯೇ ಮನೆ ಕಟ್ಟಿಸಿದವರು. ಅಂಥವರಿಗೆ ‘ವೆಂಟ್ ಟು ವರ್ಕ್ ಇನ್ ದುಬೈ’ ಎಂದರೆ ಸಾಕು.

ಗದಗದಿಂದ:
ನಮ್ಮ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳು ಮೈಗ್ರೇಟ್ ಮಾತ್ರ ಮಾಡುತ್ತವೆ. ಬೇಸಿಗೆಗೆ ಹಿಂತಿರುಗುವವಕ್ಕೆ ಉಳಿದೆರಡು ಪದಗಳು ಸಲ್ಲವು. ರಾಯಚೂರು, ಯಾದಗಿರಿಯ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವವರಿಗೂ ಮೈಗ್ರೇಟ್ ಎಂದೇ ಬರೆಯಬೇಕು, ಏಕೆಂದರೆ ಅವರು ದೇಶದ ಗಡಿ ದಾಟುವುದಿಲ್ಲ.

ಮೈಸೂರಿನಿಂದ:
‘ಶಿಫ್ಟೆಡ್ ಟು ಅಮೆರಿಕಾ’ ಎಂಬುದನ್ನೂ ಮಗಳಿಗೆ ಬಿಡಿಸಿರಿ. ಮನೆ ಬದಲಿಸುವುದಕ್ಕೆ ನಾವು ಬಳಸುವ ಆ ‘ಶಿಫ್ಟ್’ ಹೊರದೇಶದವರಿಗೆ ಸಾಮಾನು ಸರಿಸಿದಂತೆ ಕೇಳಿಸುತ್ತದೆ. ಅವರ ಬಾಯಲ್ಲಿ ಅದು ‘ಮೂವ್ಡ್’. ಬೈಲುಕುಪ್ಪೆಯ ಟಿಬೆಟನ್ನರ ಬಗ್ಗೆ ಬರೆಯುವಾಗ ಮಾತ್ರ ಇವು ಯಾವುವೂ ಬೇಡ. ಅವರು ಜೀವ ಉಳಿಸಿಕೊಳ್ಳಲು ಬಂದ ನಿರಾಶ್ರಿತರು, ಅಲ್ಲಿ ‘ಫ್ಲೆಡ್’ ಎನ್ನಬೇಕು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಮದುವೆಯ ಉದಾಹರಣೆ ಹೇಳಿದ ಕೂಡಲೇ ಅವಳಿಗೆ ಅರ್ಥವಾಯಿತು. ಆದರೆ ‘ಹಾಗಾದರೆ ಮಾವ ರಜೆಯಲ್ಲಿ ಊರಿಗೆ ಬಂದಾಗ ಏನಾಗುತ್ತಾನೆ?’ ಎಂದು ಕೇಳಿದಳು. ‘ಅತಿಥಿ’ ಎಂದೆ.