ಮೂರು ಗೇಮ್ ಒಟ್ಟಿಗೇ ಕೈಕೊಟ್ಟಿವೆ, ಗ್ರಾಫಿಕ್ಸ್ ಕಾರ್ಡ್ ಹೋಯ್ತಾ?

ಅರ್ಧರಾತ್ರಿ ಆಟಗಾರ

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ತಲೆ ಕೆಟ್ಟು ಕೂತಿದ್ದೇನೆ. ಯಾರಾದರೂ ದಾರಿ ತೋರಿಸಿ.

ಆರು ವರ್ಷದ ಹಳೆ ಡೆಸ್ಕ್‌ಟಾಪ್, ಬಿಡಿಭಾಗ ತಂದು ನಾನೇ ಜೋಡಿಸಿದ್ದು. 16 ಜಿಬಿ ರ್‍ಯಾಮ್, ವಿಂಡೋಸ್ 11. ಇಷ್ಟು ವರ್ಷ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಈಗ ನೋಡಿದರೆ ಮೂರು ಗೇಮ್ ಒಟ್ಟಿಗೇ ಕೈಕೊಟ್ಟಿವೆ. ಮಜಾ ಅಂದರೆ, ಮೂರಕ್ಕೂ ರೋಗ ಬೇರೆ ಬೇರೆ.

ಒಂದು, ಗೆಳೆಯರ ಜೊತೆ ಆಡುವ ಶೂಟಿಂಗ್ ಗೇಮ್. ತೆರೆಯುವುದೇ ಇಲ್ಲ. ಸೆಕ್ಯೂರ್ ಬೂಟ್ ಆನ್ ಇರಬೇಕು ಅಂತ ಒಂದು ಮೆಸೇಜ್ ತೋರಿಸಿ ಮುಚ್ಚಿಕೊಳ್ಳುತ್ತದೆ. ಮೊನ್ನೆ ಮೊನ್ನೆವರೆಗೆ ಇಲ್ಲದ ತಕರಾರು ಈಗೆಲ್ಲಿಂದ ಬಂತು?

ಇನ್ನೊಂದು ಕಾರ್ ರೇಸ್. ಅದರ ಲಾಂಚರ್, ಅಂದರೆ ಗೇಮ್ ಶುರು ಮಾಡುವ ಪ್ರೋಗ್ರಾಂ, ಲಾಗಿನ್ ಆಗುತ್ತಿಲ್ಲ, ಇಂಟರ್ನೆಟ್ ಇಲ್ಲ ಅನ್ನುತ್ತದೆ. ಅದೇ ವೈಫೈಯಲ್ಲಿ ಫೋನು ಆರಾಮಾಗಿದೆ, ಇದನ್ನೂ ಫೋನಿನಲ್ಲೇ ಬರೆಯುತ್ತಿದ್ದೇನೆ. ಕಂಪ್ಯೂಟರಿನ ಬ್ರೌಸರ್ ತೆರೆದರೆ ಏನೋ ಸುರಕ್ಷತೆ ಗಿರಕ್ಷತೆ ಅಂತ ಎಚ್ಚರಿಕೆ.

ಮೂರನೆಯದು ನನ್ನ ಪ್ರಾಣ. ಊರು ಕಟ್ಟುವ ಗೇಮ್. ಇಂಟರ್ನೆಟ್ ಬೇಡ, ಯಾರ ಹಂಗೂ ಇಲ್ಲ. ಇದು ತೆರೆಯುತ್ತದೆ, ಆದರೆ ನಿಧಾನ. ಊರು ಸ್ವಲ್ಪ ದೊಡ್ಡದಿದ್ದರೆ ಮೌಸ್ ಎಳೆದಾಗ ತಡವರಿಸುತ್ತದೆ. ಅದಕ್ಕಿಂತ ವಿಚಿತ್ರ ಕೇಳಿ. ‘ಮುಂದುವರಿಸಿ’ ಒತ್ತಿದರೆ ನಿನ್ನೆ ಬಿಟ್ಟ ಊರು ಬರುವುದಿಲ್ಲ, ಎರಡು ವಾರದ ಹಿಂದಿನ ಊರು ಬರುತ್ತದೆ. ನಿನ್ನೆ ರಾತ್ರಿ ಒಂದು ಗಂಟೆ ಕೂತು ಕಟ್ಟಿದ ಸೇತುವೆ ಇದ್ದ ಜಾಗದಲ್ಲಿ ಬರೀ ನೀರು.

ಇಲ್ಲಿಯವರೆಗೆ ಮಾಡಿದ್ದು: ಗ್ರಾಫಿಕ್ಸ್ ಡ್ರೈವರ್ ತೆಗೆದು ಮತ್ತೆ ಹಾಕಿದೆ. ಆಂಟಿವೈರಸ್ ಆಫ್ ಮಾಡಿ ನೋಡಿದೆ. ರೂಟರ್ ನಾಲ್ಕು ಸಲ ಆಫ್-ಆನ್ ಮಾಡಿದೆ. ಕ್ಯಾಬಿನೆಟ್ ಬಿಚ್ಚಿ ಧೂಳು ತೆಗೆದು, ಗ್ರಾಫಿಕ್ಸ್ ಕಾರ್ಡನ್ನು ಕಿತ್ತು ಮತ್ತೆ ಕೂರಿಸಿದೆ. ಊಹೂಂ, ಏನೂ ಬದಲಾಗಲಿಲ್ಲ.

ಡ್ರೈವರ್ ದೊರೆ

ಆರು ವರ್ಷ ಆಯ್ತಲ್ಲ ಗುರು, ಕಾರ್ಡ್ ಮುಗಿದಿದೆ. ಹೊಸದು ತಗೋ.

ಹಳೇ ಕೀಬೋರ್ಡ್

ದೊರೆಗಳೇ, ಸುಮ್ನೆ ಖರ್ಚಿಗೆ ಹಚ್ಚಬೇಡಿ. ಕಾರ್ಡ್ ಸಾಯುವಾಗ ಪರದೆ ಮೇಲೆ ಗೆರೆ ಬರುತ್ತದೆ, ಬಣ್ಣದ ಚೌಕ ಬರುತ್ತದೆ, ಆಟದ ಮಧ್ಯೆ ಕಪ್ಪಾಗುತ್ತದೆ. ಲಾಗಿನ್ ಆಗದೇ ಇರುವುದಕ್ಕೂ ಕಾರ್ಡಿಗೂ ಏನು ಸಂಬಂಧ?

ಆಟಗಾರರೇ, ಎರಡು ಕೆಲಸ ಮಾಡಿ. ಇವೆಂಟ್ ವ್ಯೂವರ್ (ನಡೆದದ್ದನ್ನೆಲ್ಲ ವಿಂಡೋಸ್ ಬರೆದಿಡುವ ದಿನಚರಿ) ತೆರೆದು ವಿಂಡೋಸ್ ಲಾಗ್ಸ್ ಒಳಗಿನ ಸಿಸ್ಟಮ್ ನೋಡಿ. ಗ್ರಾಫಿಕ್ಸ್ ಡ್ರೈವರ್ ನಿಂತು ಮತ್ತೆ ಎದ್ದಿದ್ದರೆ 4101 ನಂಬರಿನ ದಾಖಲೆ ಇರುತ್ತದೆ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ದಿಢೀರ್ ನಿಂತಿದ್ದರೆ 41. ಪಕ್ಕದ ಅಪ್ಲಿಕೇಶನ್ ಪಟ್ಟಿಯಲ್ಲಿ 1000 ಇದ್ದರೆ ಪ್ರೋಗ್ರಾಂ ಕುಸಿದಿದೆ ಅಂತ, ಯಾವ ಫೈಲಿನಿಂದ ಅನ್ನುವುದೂ ಅಲ್ಲೇ ಇರುತ್ತದೆ. ಏನು ಕಂಡಿತು ಅಂತ ಇಲ್ಲಿ ಹಾಕಿ.

ಎರಡನೆಯದು ಪ್ರಶ್ನೆ. ಎರಡು ವಾರದ ಹಿಂದೆ ಏನು ಬದಲಾಯಿತು? ಕಂಪ್ಯೂಟರಿನಲ್ಲಿ ಅಲ್ಲ, ಮನೆಯಲ್ಲಿ.

ಅರ್ಧರಾತ್ರಿ ಆಟಗಾರ

ಸರ್, ನಿಮ್ಮ ಇವೆಂಟ್ ವ್ಯೂವರ್ ಕೂಡ ಕೆಟ್ಟಿದೆ! ಪಟ್ಟಿಯ ಮೇಲ್ಗಡೆ ಇರುವುದೆಲ್ಲ ಜನವರಿ 1, 2019. ಅದರ ಕೆಳಗೆ ಎರಡು ವಾರದ ಹಿಂದಿನದು ಸರಿಯಾಗಿಯೇ ಇದೆ. ನೀವು ಹೇಳಿದ 4101 ಎಲ್ಲೂ ಇಲ್ಲ, 41 ಕೂಡ ಇಲ್ಲ.

ಮನೆಯಲ್ಲಿ ಬದಲಾಗಿದ್ದು ಅಂದರೆ, ಮಗಳು ಅಂಬೆಗಾಲಿಡಲು ಶುರು ಮಾಡಿದ್ದಾಳೆ. ಎಕ್ಸ್‌ಟೆನ್ಶನ್ ಬೋರ್ಡಿನ ಕೆಂಪು ದೀಪ ಕಂಡರೆ ಸಾಕು, ನೇರ ಅಲ್ಲಿಗೇ ಸವಾರಿ. ಅದಕ್ಕೇ ಆಟ ಮುಗಿದ ಮೇಲೆ ಪ್ಲಗ್ ಕಿತ್ತು ಬೋರ್ಡನ್ನು ಮೇಲೆತ್ತಿ ಇಡುತ್ತೇನೆ. ಮೊದಲು ಅದು ಯಾವಾಗಲೂ ಆನ್ ಇರುತ್ತಿತ್ತು. ಇದು ಲೆಕ್ಕಕ್ಕೆ ಬರುತ್ತಾ?

ಇನ್ನೊಂದು ಮರೆತಿದ್ದೆ. ಆನ್ ಮಾಡಿದ ಕೂಡಲೇ ಕಪ್ಪು ಪರದೆಯಲ್ಲಿ ಎಫ್1 ಒತ್ತಿ ಅನ್ನುತ್ತದೆ. ಒತ್ತುತ್ತೇನೆ, ಏನೇನೋ ಸೆಟ್ಟಿಂಗ್ ಬರುತ್ತದೆ, ಏನನ್ನೂ ಮುಟ್ಟದೆ ಹೊರಗೆ ಬಂದರೆ ವಿಂಡೋಸ್ ತೆರೆಯುತ್ತದೆ. ಪಿನ್ ಕೆಲಸ ಮಾಡುತ್ತಿಲ್ಲ, ಪಾಸ್‌ವರ್ಡ್ ಹೊಡೆದೇ ಒಳಗೆ ಹೋಗಬೇಕು. ಅದೆಲ್ಲ ಇರಲಿ, ಗೇಮ್ ಕಥೆ ಹೇಳಿ.

ಹಳೇ ಕೀಬೋರ್ಡ್

‘ಅದೆಲ್ಲ ಇರಲಿ’ ಅಂದಿರಲ್ಲ, ಕಥೆ ಇರುವುದೇ ಅದರಲ್ಲಿ!

ಇವೆಂಟ್ ವ್ಯೂವರ್ ಕೆಟ್ಟಿಲ್ಲ ಸ್ವಾಮಿ. ನಿಮ್ಮ ಕಂಪ್ಯೂಟರ್ ಈಗ 2019ರಲ್ಲಿದೆ. ಮೂಲೆಯ ಗಡಿಯಾರ ನೋಡಿಲ್ವಾ?

ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಸಾಮಾನ್ಯವಾಗಿ ಸಿಆರ್2032. ಅಗಲ 20 ಮಿಲಿಮೀಟರ್, ದಪ್ಪ 3.2, ಹೆಸರಲ್ಲೇ ಅಳತೆ ಇದೆ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಪ್ಲಗ್ ಹಾಕಿದ್ದರೆ, ಕಂಪ್ಯೂಟರ್ ಆಫ್ ಇದ್ದರೂ ಬೋರ್ಡಿಗೆ ಸಣ್ಣಗೆ ವಿದ್ಯುತ್ ಹೋಗುತ್ತಿರುತ್ತದೆ, ಸೆಲ್ಲಿಗೆ ಕೆಲಸವೇ ಇರುವುದಿಲ್ಲ. ನಿಮ್ಮ ಸೆಲ್ ಯಾವಾಗ ಸತ್ತಿತ್ತೋ ಯಾರಿಗೆ ಗೊತ್ತು. ಮಗಳು ಅಂಬೆಗಾಲಿಟ್ಟ ಮೇಲೆ ವಿಷಯ ಬಯಲಿಗೆ ಬಂತು. ಈಗ ನೀವು ಪ್ಲಗ್ ಕಿತ್ತಾಗಲೆಲ್ಲ ಬೋರ್ಡ್ ಎಲ್ಲ ಮರೆತು, ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಏಳುವ, ಬೋರ್ಡಿನದೇ ಪ್ರೋಗ್ರಾಂ) ಬರೆದಿರುವ ಮೊದಲ ತಾರೀಖಿಗೆ ಹೋಗಿ ಕೂರುತ್ತದೆ. ಎಫ್1 ಒತ್ತಿ ಅಂತ ದಿನಾ ಅಳುತ್ತಿದ್ದುದು ಅದಕ್ಕೇ.

ಈಗ ನಿಮ್ಮ ಮೂರು ರೋಗ. ಲಾಂಚರ್ ತನ್ನ ಸರ್ವರಿನ ಸರ್ಟಿಫಿಕೇಟ್ ನೋಡುತ್ತದೆ, ಅಂದರೆ ಸರ್ವರ್ ಅಸಲಿ ಅನ್ನುವ, ತಾರೀಖು ಹಾಕಿದ ಗುರುತಿನ ಚೀಟಿ. ಅದು ಈ ವರ್ಷದ್ದು, ನಿಮ್ಮ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲ. ನಂಬುವುದು ಹೇಗೆ? ಬ್ರೌಸರಿನ ಎಚ್ಚರಿಕೆಯೂ ಅದೇ. ವಿಂಡೋಸ್ ತಾನೇ ಸಮಯ ಸರಿಮಾಡಿಕೊಳ್ಳಬಾರದಾ ಅಂತ ನೀವು ಕೇಳಬಹುದು. ಮನೆ ಕಂಪ್ಯೂಟರಿನಲ್ಲಿ ಅದರ ಸಮಯದ ಸರ್ವಿಸ್ 15 ಗಂಟೆಯೊಳಗಿನ ವ್ಯತ್ಯಾಸವನ್ನಷ್ಟೇ ತಾನಾಗಿ ತಿದ್ದುತ್ತದೆ. ವರ್ಷಗಟ್ಟಲೆ ತಪ್ಪಿದರೆ ಕೈ ಹಾಕುವುದಿಲ್ಲ.

ಶೂಟಿಂಗ್ ಗೇಮಿನ ಮೋಸ ತಡೆಯುವ ಪ್ರೋಗ್ರಾಂ ಸೆಕ್ಯೂರ್ ಬೂಟ್ ಕೇಳುತ್ತಿದೆ. ಕಂಪ್ಯೂಟರ್ ಏಳುವಾಗ ನಂಬಿಕಸ್ತ ಸಾಫ್ಟ್‌ವೇರನ್ನು ಮಾತ್ರ ಒಳಗೆ ಬಿಡುವ ಬಯಾಸ್ ಸೆಟ್ಟಿಂಗ್ ಅದು. ಸೆಲ್ ಸತ್ತಾಗ ಕೆಲವು ಬೋರ್ಡ್ ತಾರೀಖನ್ನು ಮಾತ್ರ ಮರೆಯುತ್ತವೆ, ಕೆಲವು ಬಯಾಸ್ ಸೆಟ್ಟಿಂಗನ್ನೂ ಮರೆಯುತ್ತವೆ. ನಿಮ್ಮದು ಎರಡನೇ ಜಾತಿ. ಟಿಪಿಎಂ (ಪಿನ್, ಕೀಗಳನ್ನು ಭದ್ರವಾಗಿಡುವ ವ್ಯವಸ್ಥೆ) ಕೂಡ ಆಫ್ ಆಗಿರಬೇಕು, ಪಿನ್ ಹೋಗಿದ್ದು ಅದರಿಂದ.

ನಿಧಾನ ಆಗಿದ್ದಕ್ಕೆ ನನ್ನ ಅನುಮಾನ ರ್‍ಯಾಮ್ ಮೇಲೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿಯ ವೇಗ ನೋಡಿ. ನೀವು ಹಾಕಿದ್ದು 3200 ಇದ್ದು ಅಲ್ಲಿ 2133 ಅಂತ ತೋರಿಸಿದರೆ ಎಕ್ಸ್ಎಂಪಿ, ಅಂದರೆ ರ್‍ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಬಯಾಸ್ ಸೆಟ್ಟಿಂಗ್, ಆಫ್ ಆಗಿದೆ. ಇನ್ನು ‘ಮುಂದುವರಿಸಿ’ ಬಟನ್. ಅದು ಇತ್ತೀಚಿನ ತಾರೀಖಿನ ಫೈಲನ್ನು ತೆರೆಯುತ್ತದೆ, ಅಷ್ಟೇ. ನಿನ್ನೆಯ ಸೇತುವೆಯ ಮೇಲೆ 2019 ಅಂತ ಬರೆದಿದೆಯಲ್ಲ!

ಸ್ಕ್ರೂ ಪೆಟ್ಟಿಗೆ

ಹಳೇ ಕೀಬೋರ್ಡ್ ಹೇಳಿದ್ದು ಸರಿ. ಕೈ ಹಾಕುವ ಮುಂಚೆ ಎರಡು ಮಾತು.

ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಇದ್ದರೆ 48 ಅಂಕಿಯ ರಿಕವರಿ ಕೀ ಮೊದಲು ಬರೆದಿಟ್ಟುಕೊಳ್ಳಿ. ಟಿಪಿಎಂ, ಸೆಕ್ಯೂರ್ ಬೂಟ್ ಮುಟ್ಟಿದರೆ ಅದು ಕೇಳಬಹುದು. ಆಮೇಲೆ ಎಂಎಸ್‌ಇನ್ಫೋ32 (ಕಂಪ್ಯೂಟರಿನ ವಿವರ ತೋರಿಸುವ ವಿಂಡೋಸ್ ಪ್ರೋಗ್ರಾಂ) ಓಡಿಸಿ, ಬಯಾಸ್ ಮೋಡ್ ಯುಇಎಫ್ಐ (ಹೊಸ ಪದ್ಧತಿ) ಅಂತ ಇದೆಯಾ ನೋಡಿ. ಲೆಗಸಿ (ಹಳೆ ಪದ್ಧತಿ) ಅಂತ ಇದ್ದರೆ, ಹಳೆ ಪದ್ಧತಿಯಲ್ಲಿ ಏಳಲು ಬಿಡುವ ಸಿಎಸ್ಎಂ ಸೆಟ್ಟಿಂಗ್ ಆಫ್ ಮಾಡಬೇಡಿ, ವಿಂಡೋಸ್ ಏಳುವುದಿಲ್ಲ. ಇಲ್ಲಿ ಬಂದು ಕೇಳಿ.

ಸೆಲ್ ಬದಲಿಸುವಾಗ ಪ್ಲಗ್ ಕಿತ್ತು, ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದಿದ್ದು ಖಾಲಿಯಾಗಲಿ. ಪ್ಲಸ್ ಗುರುತು ಮೇಲಕ್ಕೆ. ಹಳೆ ಸೆಲ್ ನೆಲದ ಮೇಲೆ ಬಿಡಬೇಡಿ, ಮಗು ಇದೆ. ಇದನ್ನು ನುಂಗಿದರೆ ತುಂಬಾ ಅಪಾಯ.

ಅರ್ಧರಾತ್ರಿ ಆಟಗಾರ

ಕಾಲಿಗೆ ಬೀಳಬೇಕು ನಿಮಗೆ! ಟಾಸ್ಕ್‌ಬಾರ್ ಅಡಗಿಸಿ ಇಡುವುದು ನನ್ನ ಅಭ್ಯಾಸ, ಗಡಿಯಾರ ಕಣ್ಣಿಗೇ ಬಿದ್ದಿರಲಿಲ್ಲ. ಹೋಗಿ ನೋಡಿದರೆ ಹೌದು, 2019, ಹೊಸ ವರ್ಷದ ಮೊದಲ ದಿನ.

ಸೆಲ್ ಇದ್ದದ್ದು ಸರಿಯಾಗಿ ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲಿ. ಹೋದ ವಾರ ಕಾರ್ಡ್ ಕಿತ್ತಾಗ ಅದರ ಮೇಲಿನ ಧೂಳನ್ನು ನಾನೇ ಬ್ರಷ್ಷಿನಿಂದ ಒರೆಸಿದ್ದೆ! ಪಕ್ಕದ ಸಣ್ಣ ಕೊಕ್ಕೆಯನ್ನು ಉಗುರಿನಿಂದ ತಳ್ಳಿದರೆ ಟಪ್ಪನೆ ಮೇಲೆ ಬಂತು. ಮಲ್ಟಿಮೀಟರ್ ಹಿಡಿದರೆ 1.7 ವೋಲ್ಟ್. ಹೊಸದು 3ಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಿತು. ಹಳೆಯದನ್ನು ಎರಡೂ ಕಡೆ ಟೇಪ್ ಸುತ್ತಿ ಕಪಾಟಿನ ಮೇಲೆ ಇಟ್ಟಿದ್ದೇನೆ.

ಬಿಟ್‌ಲಾಕರ್ ಇರಲಿಲ್ಲ, ಮೋಡ್ ಯುಇಎಫ್ಐ. ತಾರೀಖು ಹಾಕಿ, ಟಿಪಿಎಂ, ಸೆಕ್ಯೂರ್ ಬೂಟ್, ಎಕ್ಸ್ಎಂಪಿ ಮೂರನ್ನೂ ಆನ್ ಮಾಡಿದೆ. ರ್‍ಯಾಮ್ 2133ರಿಂದ 3200ಕ್ಕೆ ಬಂತು. ಪಿನ್ ಬಂತು. ಲಾಗಿನ್ ಆಯಿತು. ಶೂಟಿಂಗ್ ಗೇಮ್ ತಕರಾರಿಲ್ಲದೆ ತೆರೆಯಿತು. ರಾತ್ರಿ ಪ್ಲಗ್ ಕಿತ್ತು ಬೆಳಗ್ಗೆ ಹಾಕಿ ನೋಡಿದೆ, ಎಫ್1 ಕೇಳಲಿಲ್ಲ.

ಒಂದು ಸಂಕಟ ಮಾತ್ರ ಉಳಿದಿದೆ. ಊರು ಕಟ್ಟುವ ಗೇಮ್ ಹತ್ತು ಆಟೋಸೇವ್ ಮಾತ್ರ ಇಟ್ಟುಕೊಂಡು, ಹಳೆಯದನ್ನು ಅಳಿಸುತ್ತಾ ಹೋಗುತ್ತದೆ. ಅದರ ಕಣ್ಣಿಗೆ ನನ್ನ ಹೊಸ ಊರುಗಳೇ 2019ರ ಹಳೇ ಸರಕು. ದಿನಾ ಅವನ್ನೇ ಅಳಿಸಿದೆ. ನಾನೇ ಕೈಯಾರೆ ಸೇವ್ ಮಾಡಿದ ಒಂದೇ ಒಂದು ಫೈಲ್ ಬದುಕಿದೆ, ಸೇತುವೆ ಅದರಲ್ಲಿದೆ. ಅದಕ್ಕೂ ಗಂಡಾಂತರ ಇದೆಯಾ?

ಹಳೇ ಕೀಬೋರ್ಡ್

ಅದನ್ನು ತೆರೆದು ಬೇರೆ ಹೆಸರಿನಲ್ಲಿ ಇವತ್ತೇ ಸೇವ್ ಮಾಡಿ. ಇವತ್ತಿನ ತಾರೀಖು ಬೀಳುತ್ತದೆ. ಮೂಲ ಫೈಲಿನ ಒಂದು ಪ್ರತಿ ಪೆನ್‌ಡ್ರೈವ್‌ಗೂ ಹಾಕಿಡಿ.