8ನೇ ಕ್ಲಾಸಿನ ಟ್ರಾನ್ಸ್ ಹುಡುಗಿ, ತಾಲೂಕು ಕ್ರೀಡಾಕೂಟ: ಗೊತ್ತಿದ್ದವರು ಹೇಳ್ರಿ

ಗಂಗಾವತಿ ಸೋದರತ್ತಿ (ಆಗಸ್ಟ್ 2024)

ನಮ್ಮ ಅಣ್ಣನ ಮಗಳು, 13 ವರ್ಷ. ಹುಟ್ಟಿದಾಗ ಗಂಡು ಅಂತ ಬರೆಸಿದ್ದು. ಈಗ ಮನ್ಯಾಗೂ ಸಾಲ್ಯಾಗೂ ಹುಡುಗಿ ಆಗೇ ಅದಾಳ, ಹೆಡ್‌ಮಾಸ್ತರು ಒಪ್ಪ್ಯಾರ. 400 ಮೀಟರ್ ಓಡ್ತಾಳ, ಕಬಡ್ಡಿನೂ ಆಡ್ತಾಳ. ವಲಯದಾಗ ಬಾಲಕಿಯರ ಜೊತಿ ಓಡಿ ಎರಡನೇದು ಬಂದ್ಲು. ತಾಲೂಕಿಗೆ ಹೆಸರು ಕಳಿಸೋ ಹೊತ್ತಿಗೆ ಬ್ಯಾರೆ ಸಾಲಿಯವರು ಆಕ್ಷೇಪಣೆ ಹಾಕ್ತೀವಿ ಅಂತ ಕುಂತಾರ. ಸ್ಯಾಟ್ಸ್‌ನಾಗ (ಸಾಲಿ ಮಕ್ಕಳ ಆನ್‌ಲೈನ್ ದಾಖಲೆ) ಇನ್ನೂ ಗಂಡು ಅಂತೈತಿ. ಕಾಗದ ಮೊದಲು ಮಾಡಿಸೋದಾ, ಡಾಕ್ಟರ್ ಹತ್ರ ಮೊದಲು ಹೋಗೋದಾ? ಈ ದಾರಿ ಹಿಡಿದವರು ಹೇಳ್ರಿ.

ಕೊಪ್ಪಳ ಅರ್ಜಿಕಟ್ಟೆ

ಕಾಗದ ಮೊದಲು ಅಕ್ಕಾರ, ಅದರಾಗ ಎರಡು ಮಾತಿಲ್ಲ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆ, 5ನೇ ಕಲಂ. ಅರ್ಜಿ ಜಿಲ್ಲಾಧಿಕಾರಿಗೆ. ಮಗು 18ರ ಒಳಗಿದ್ರ ತಂದೆ-ತಾಯಿ ಇಲ್ಲಾ ಪೋಷಕರೇ ಹಾಕಬೇಕು, ಬರೇ ಸೋದರತ್ತಿ ಅಂತ ಸಹಿ ಮಾಡಿದ್ರ ನಡಿಯಂಗಿಲ್ಲ. ನಮ್ಮ ಕಡೆ ಅರ್ಜಿ ನಿಲ್ಲೋದೇ ಇಲ್ಲಿ. ಹೆತ್ತವರು ಗುಳೆ ಹೋಗಿರ್ತಾರ, ಊರಾಗ ಅಜ್ಜಿನೋ ಅತ್ತಿನೋ ಉಳಿದಿರ್ತಾರ. ವಾಸದ್ದೂ ಅಷ್ಟೇ: ಆ ಜಿಲ್ಲಾದಾಗ ಸತತ 12 ತಿಂಗಳು ಇದ್ದಿರಬೇಕು.

ಕೇಂದ್ರದ ಟ್ರಾನ್ಸ್‌ಜೆಂಡರ್ ಪೋರ್ಟಲ್‌ನಾಗ ಮನ್ಯಾಗ ಕುಂತೇ ಹಾಕಬಹುದು. 2020ರ ನಿಯಮದ ನಮೂನೆ 1 ಅರ್ಜಿ, ನಮೂನೆ 2 ಅಫಿಡವಿಟ್. ಅಫಿಡವಿಟ್‌ಗೆ ಇ-ಸ್ಟಾಂಪ್ 2024ರಿಂದ 100 ರೂಪಾಯಿ. ಹಳೇ ಲೆಕ್ಕದಾಗ 20ರದು ತಂದವರ ಅರ್ಜಿ ವಾಪಸ್ ಬರ್ತಾವು, ನೋಟರಿ ಫೀ ಎರಡು ಸಲ ಬೀಳ್ತೈತಿ. ಅರ್ಜಿಗೆ ಫೀ ಇಲ್ಲ. ಮೆಡಿಕಲ್ ಪರೀಕ್ಷೆ ಇಲ್ಲದೇ, ಅಫಿಡವಿಟ್ ಮ್ಯಾಲೇ ಕೊಡಬೇಕಂತ 2020ರ ನಿಯಮದಾಗೇ ಐತಿ, 30 ದಿನದ ಗಡುವೂ ಐತಿ. ಟೇಬಲ್ಲಿನ ಹಿಂದ ಕುಂತವರು "ಡಾಕ್ಟರ್ ಚೀಟಿ ತರ್ರಿ" ಅಂದ್ರ ಆ ಮಾತು ಬರೆದು ಕೊಡ್ರಿ ಅಂತ ಕೇಳ್ರಿ. ಆಧಾರ್‌ನಾಗ, ಸ್ಯಾಟ್ಸ್‌ನಾಗ, ಅರ್ಜ್ಯಾಗ ತಂದಿ ಹೆಸರಿನ ಸ್ಪೆಲ್ಲಿಂಗ್ ಒಂದೇ ಇರಲಿ, ಇನಿಶಿಯಲ್ ಹಿಂದ-ಮುಂದ ಆದರೂ ತಿರುಗಿ ಬರ್ತೈತಿ.

ಈಗ ಗಂಟು ಎಲ್ಲೈತಿ ಅಂದ್ರ, 6ನೇ ಕಲಮಿನ ಸರ್ಟಿಫಿಕೇಟ್‌ನಾಗ ಬರೋದು 'ಟ್ರಾನ್ಸ್‌ಜೆಂಡರ್' ಅಂತ, 'ಹೆಣ್ಣು' ಅಂತಲ್ಲ. ಹೆಣ್ಣು ಅಂತ ಬರೆಸೋಕೆ 7ನೇ ಕಲಂ, ಅದಕ್ಕ ಸರ್ಜರಿ ಇಲ್ಲಾ ನಿಯಮದಾಗ ಹೇಳಿದ ಬ್ಯಾರೆ ವೈದ್ಯಕೀಯ ಚಿಕಿತ್ಸೆ ಆಗಿರಬೇಕು, 13ರ ಕೂಸಿಗೆ ಈಗ ಆ ಮಾತು ಬರಂಗಿಲ್ಲ. ಎಂಟ್ರಿ ಫಾರಂನಾಗ ಬಾಲಕ, ಬಾಲಕಿ ಎರಡೇ ಕಾಲಂ. ಅದಕ್ಕ ಸರ್ಟಿಫಿಕೇಟ್ ಜೊತಿ ಹೆಡ್‌ಮಾಸ್ತರ ಪತ್ರ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಲಿ. ಎರಡು ಆಧಾರ ಬರೀರಿ: 2014ರ ನಾಲ್ಸಾ ತೀರ್ಪು, ಲಿಂಗ ಗುರುತಿಸಿಕೊಳ್ಳೋದು ವ್ಯಕ್ತಿಯ ಹಕ್ಕು ಅಂತ, ಕಾಯ್ದೆಯ 13ನೇ ಕಲಂ, ಕ್ರೀಡೆಯೊಳಗ ತಾರತಮ್ಯ ಮಾಡಬಾರದು ಅಂತ ಶಾಲೆಗಳಿಗೆ ಹೇಳಿದ್ದು. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೇ ಹೊರಗ ಬರಬ್ಯಾಡ್ರಿ.

ಸಿಂಧನೂರು ತಾಯಿ

ಸರ್, ಕಾಗದ ಕಾಯ್ತದೆ, ಮೈ ಕಾಯೋದಿಲ್ಲ. 13 ಅಂದ್ರೆ ಗಂಟಲು ಒಡೆಯೋ ಹೊತ್ತು. ಅಕ್ಕಾ, ಈ ತಿಂಗಳೇ ಮಕ್ಕಳ ಎಂಡೋಕ್ರೈನ್ (ಹಾರ್ಮೋನ್) ಡಾಕ್ಟರ್ ಹತ್ರ ಹೋಗಿ. ಅವರು ನೋಡೋದು ಟ್ಯಾನರ್ ಹಂತ, ಅಂದ್ರೆ ಪ್ರೌಢಾವಸ್ಥೆ ಎಷ್ಟು ಮುಂದೆ ಹೋಗಿದೆ ಅಂತ (ವೃಷಣ 4 ಮಿ.ಲೀ. ಮುಟ್ಟಿದ್ರೆ ಹಂತ 2 ಶುರು ಅಂತ), ಎಡಗೈ ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಎಲುಬಿನ ವಯಸ್ಸು, ರಕ್ತದಲ್ಲಿ ಎಲ್‌ಎಚ್, ಎಫ್‌ಎಸ್‌ಎಚ್, ಟೆಸ್ಟೋಸ್ಟಿರೋನ್ ಅನ್ನೋ ಹಾರ್ಮೋನ್‌ಗಳು. ಮನಸ್ಸಿನ ಡಾಕ್ಟರ್ ಜೊತೆ ಮಾತಾಡಿಸದೆ ಯಾವ ಒಳ್ಳೆ ಡಾಕ್ಟರೂ ಮುಂದಕ್ಕೆ ಹೋಗೋದಿಲ್ಲ. ಅದಕ್ಕೆ ಟೈಮ್ ಹಿಡಿಯತ್ತೆ, ಅದನ್ನೂ ಲೆಕ್ಕಕ್ಕೆ ಇಟ್ಕೊಳ್ಳಿ.

ರಕ್ತ ಕೊಡೋದು ಬೆಳಿಗ್ಗೆ 8ರಿಂದ 10ರ ಒಳಗೆ. ಸಂಜೆ ಕೊಟ್ಟರೆ ಅಂಕಿ ಕಮ್ಮಿ ಬರುತ್ತೆ, ಡಾಕ್ಟರು ಮತ್ತೆ ಮಾಡಿಸ್ತಾರೆ, ದುಡ್ಡು ಎರಡು ಸಲ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ನಿಲ್ಲಿಸಿ ಹೋಗಿ, ರಿಪೋರ್ಟೇ ತಪ್ಪು ಬರುತ್ತೆ. ಟೆಸ್ಟೋಸ್ಟಿರೋನ್ ಅಂಕಿ ನಮ್ಮ ಲ್ಯಾಬ್‌ಗಳು ಕೊಡೋದು ನ್ಯಾನೋಗ್ರಾಂ ಪ್ರತಿ ಡೆಸಿಲೀಟರ್‌ನಲ್ಲಿ, ಕ್ರೀಡಾ ಸಂಸ್ಥೆಗಳು ಬರೆಯೋದು ನ್ಯಾನೋಮೋಲ್ ಪ್ರತಿ ಲೀಟರ್‌ನಲ್ಲಿ. 1 ನ್ಯಾನೋಮೋಲ್ ಅಂದ್ರೆ ಸುಮಾರು 28.8. ಅಂದ್ರೆ ಅವರು ಬರೆದ ಮಿತಿ 2.5 ಆದರೆ ನಮ್ಮ ರಿಪೋರ್ಟ್‌ನಲ್ಲಿ ಅದು 72. ಇದು ತಿಳಿಯದೆ 60 ಅನ್ನೋ ಅಂಕಿ ನೋಡಿ "ಮಿತಿಗಿಂತ ಎಷ್ಟೋ ಪಟ್ಟು ಜಾಸ್ತಿ" ಅಂತ ಕೂಗಾಡೋ ಕೋಚ್‌ಗಳಿದ್ದಾರೆ.

ಪ್ರೌಢಾವಸ್ಥೆ ತಡೆಯೋ ಸೂಜಿ ಲ್ಯೂಪ್ರೊಲೈಡ್, ತಿಂಗಳದ್ದು 3.75 ಮಿ.ಗ್ರಾಂ, ಮೂರು ತಿಂಗಳದ್ದು 11.25. ಒಂದೊಂದೂ ಸಾವಿರಗಳ ಲೆಕ್ಕ, ಮೇಲೆ ರಾತ್ರಿ ಬಸ್ಸು, ಲಾಡ್ಜು, ಕೂಲಿ ಹೋದದ್ದು. ಒಂದು ಸೂಜಿ ತಪ್ಪಿದರೆ ನಿಂತದ್ದು ಮತ್ತೆ ಶುರುವಾಗುತ್ತೆ. ಎಲುಬಿನ ಸಾಂದ್ರತೆ ಕಮ್ಮಿ ಆಗಬಹುದು, ಕ್ಯಾಲ್ಸಿಯಂ, ವಿಟಮಿನ್ ಡಿ, ಡೆಕ್ಸಾ ಸ್ಕ್ಯಾನ್ ಬಿಡಬೇಡಿ. ಓಡೋ ಮಗು, ಎಲುಬೇ ಬಂಡವಾಳ.

ಸಿರುಗುಪ್ಪ ಅಪ್ಪ

ಎಲ್ಲರೂ ಆ ಒಂದು ಹುಡುಗಿ ಬಗ್ಗೆನೇ ಬರೀತೀರಿ. ಅದೇ ಲೈನ್‌ನಲ್ಲಿ ನಿಂತ ಇನ್ನೂ ಏಳು ಹುಡುಗಿಯರು ಯಾರ ಮಕ್ಕಳು? ತಾಲೂಕಿಂದ ಮೇಲಕ್ಕೆ ಹೋಗೋ ಜಾಗ ಒಂದೋ ಎರಡೋ. ಜಿಲ್ಲೆ, ಕಲಬುರಗಿ ವಿಭಾಗ, ರಾಜ್ಯ, ಅಲ್ಲಿ ಸಿಕ್ಕ ಸರ್ಟಿಫಿಕೇಟ್ ಕ್ರೀಡಾ ಹಾಸ್ಟೆಲ್ ಸೀಟಿಗೂ ಬರುತ್ತೆ, ಕೋಟಾಕ್ಕೂ ಬರುತ್ತೆ. ಬೇಸಿಗೆ ಬಿಸಿಲಲ್ಲಿ ಓಡಿಸಿ ತಯಾರು ಮಾಡಿದ ಮಗಳನ್ನ ಮೂರನೇ ಜಾಗದಲ್ಲಿ ನಿಲ್ಲಿಸಿ ನೋಡ್ರಿ, ಆಮೇಲೆ ಮಾತಾಡ್ರಿ.

ಲೆಕ್ಕ ಬೇಕಾ? 400 ಮೀಟರ್ ವಿಶ್ವದಾಖಲೆ ಗಂಡಸರದ್ದು 43.03, ಹೆಂಗಸರದ್ದು 47.60. ಹತ್ತು ಪರ್ಸೆಂಟ್ ಮೇಲೆ. ಗುಂಡು ಎಸೆತದಲ್ಲಿ 18ರ ಒಳಗಿನ ಹುಡುಗರಿಗೆ 5 ಕೆಜಿ, ಹುಡುಗಿಯರಿಗೆ 3 ಕೆಜಿ ಯಾಕೆ ಇಟ್ಟರು? ಅಮೆರಿಕದ ವಾಯುಪಡೆ ಸಿಬ್ಬಂದಿ ಮೇಲೆ ಮಾಡಿದ ಅಧ್ಯಯನ 2020ರಲ್ಲೇ ಬಂದಿದೆ: ಎರಡು ವರ್ಷ ಹಾರ್ಮೋನ್ ತಗೊಂಡ ಮೇಲೂ ಟ್ರಾನ್ಸ್ ಮಹಿಳೆಯರು ಒಂದೂವರೆ ಮೈಲಿ ಓಟದಲ್ಲಿ 12 ಪರ್ಸೆಂಟ್ ಮುಂದಿದ್ರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹೆಂಗಸರ ಬಾಕ್ಸಿಂಗ್‌ನಲ್ಲಿ ಏನಾಯ್ತು ಅಂತ ಜಗತ್ತೇ ನೋಡಿತು.

ಬಳ್ಳಾರಿ ಕೋಟೆ ಓಟ

ಸಿರುಗುಪ್ಪ ಅಣ್ಣಾ, ಅದೇ ಅಧ್ಯಯನದಲ್ಲಿ ಪುಷ್-ಅಪ್, ಸಿಟ್-ಅಪ್ ವ್ಯತ್ಯಾಸ ಎರಡು ವರ್ಷಕ್ಕೆ ಹೋಗಿತ್ತು ಅಂತಲೂ ಇದೆ. ಅದನ್ನ ಬಿಟ್ಟು ಬರೀಬೇಡಿ. ಅವರು ಬೆಳೆದು ಮುಗಿದ ಸೈನಿಕರು, ಇದು 8ನೇ ಕ್ಲಾಸು. ಪ್ರೌಢಾವಸ್ಥೆಗೆ ಮುಂಚೆ ಹುಡುಗ-ಹುಡುಗಿಯರ ಟೈಮಿಂಗ್ ವ್ಯತ್ಯಾಸ ಸಣ್ಣದು, ಆಮೇಲೆ ಅಗಲ ಆಗುತ್ತೆ. ಹಾಗಾಗಿ ಈ ಮಗು ಯಾವ ಹಂತದಲ್ಲಿದೆ ಅನ್ನೋದೇ ಮುಖ್ಯ. ವಿಶ್ವ ಈಜು ಸಂಸ್ಥೆ 2022ರಲ್ಲಿ ಗೆರೆ ಎಳೆದದ್ದೂ ಅಲ್ಲೇ: ಟ್ಯಾನರ್ 2 ಅಥವಾ 12 ವರ್ಷ, ಯಾವುದು ತಡವೋ ಅದು. ವಿಶ್ವ ಅಥ್ಲೆಟಿಕ್ಸ್ 2023ರ ಮಾರ್ಚ್‌ನಲ್ಲಿ ಬಾಗಿಲು ಹಾಕಿದ್ದು ಗಂಡು ಪ್ರೌಢಾವಸ್ಥೆ ದಾಟಿದವರಿಗೆ, ಅದೂ ವಿಶ್ವ ರ್‍ಯಾಂಕಿಂಗ್ ಸ್ಪರ್ಧೆಗಳಿಗೆ. ಗಂಗಾವತಿ ತಾಲೂಕು ಕೂಟ ಅದರಲ್ಲಿ ಬರೋದಿಲ್ಲ.

ಇನ್ನು ಪ್ಯಾರಿಸ್. ಅಲ್ಲಿ ಗಲಾಟೆ ಆದದ್ದು ಅಲ್ಜೀರಿಯಾದ ಬಾಕ್ಸರ್ ಇಮಾನ್ ಖಲೀಫ್ ಬಗ್ಗೆ, ಅವರು ಟ್ರಾನ್ಸ್ ಅಲ್ಲ. ಹುಡುಗಿಯಾಗಿ ಹುಟ್ಟಿ, ಹುಡುಗಿಯಾಗೇ ಬೆಳೆದವರು. ನಮ್ಮ ದೇಶದ ಓಟಗಾರ್ತಿ ದ್ಯುತಿ ಚಂದ್ ಅವರನ್ನ 2014ರಲ್ಲಿ ಕಾಮನ್‌ವೆಲ್ತ್ ತಂಡದಿಂದ ಕೈಬಿಟ್ಟದ್ದು ಹಾರ್ಮೋನ್ ಹೆಸರಲ್ಲಿ, ಅವರೂ ಟ್ರಾನ್ಸ್ ಅಲ್ಲ. 2015ರಲ್ಲಿ ಕ್ರೀಡಾ ನ್ಯಾಯಮಂಡಳಿ ಆ ನಿಯಮಾನೇ ತಡೆಹಿಡೀತು. ಓಟಗಾರ್ತಿ ಶಾಂತಿ ಸೌಂದರರಾಜನ್ ಅವರ 2006ರ ದೋಹಾ ಏಷ್ಯನ್ ಗೇಮ್ಸ್ ಬೆಳ್ಳಿ ಕಿತ್ಕೊಂಡದ್ದೂ ಹೀಗೇ. "ಹುಡುಗಿ ಥರ ಕಾಣೋದಿಲ್ಲ" ಅಂತ ಬೆರಳು ತೋರಿಸೋದು ಶುರುವಾದರೆ ಮೊದಲು ಸಿಗೋದು ನಿಮ್ಮ ಮನೆಯ ಎತ್ತರದ, ಕಪ್ಪಗಿನ, ಗಟ್ಟಿ ಮೈಯ ಹುಡುಗಿಯೇ.

ಸಿರುಗುಪ್ಪ ಅಪ್ಪ

ನನ್ನ ಮಗಳ ಮೈ ಬಗ್ಗೆ ನೀವು ಮಾತಾಡಬೇಡ್ರಿ. 13ಕ್ಕೆ ಹೆಚ್ಚಿನ ಹುಡುಗರಿಗೆ ಪ್ರೌಢಾವಸ್ಥೆ ಶುರುವಾಗಿ ಹೋಗಿರುತ್ತೆ, ಹಂತ ಯಾವುದು ಅಂತ ತಾಲೂಕಲ್ಲಿ ಯಾರು ನೋಡ್ತಾರೆ? ನೋಡೋಕಾಗಲ್ಲ ಅಂದ ಮೇಲೆ ಬೇರೆ ಓಟ ಇಡ್ರಿ.

ಮಾನ್ವಿ ಪಿಟಿ ಮಾಸ್ತರ

ಯಾರೂ ನೋಡಂಗಿಲ್ಲ, ನೋಡಲೂಬಾರದು. ಮೈದಾನದಾಗ ಮಗುವಿನ ಬಟ್ಟಿ ಬಿಚ್ಚಿಸಿ "ಚೆಕ್" ಮಾಡಾಕ ಹೋದವರ ಮ್ಯಾಲೆ ಪೋಕ್ಸೋ ಕೇಸ್ ಬೀಳಬಹುದು, ಅವರು ಮಾಸ್ತರ ಇರಲಿ, ಡಾಕ್ಟರ ಇರಲಿ. ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಮಾಡ್ರಿ. ಇನ್ನ ಬ್ಯಾರೆ ಓಟ ಅಂದ್ರಿ. ಒಂದು ತಾಲೂಕಿನಾಗ ಒಂದೇ ಹುಡುಗಿ, ಒಬ್ಬಾಕಿನ ಟ್ರ್ಯಾಕ್ ಮ್ಯಾಲೆ ಬಿಟ್ಟು ಸಾವಿರ ಮಂದಿ ನೋಡೋದಕ್ಕ ಓಟ ಅನ್ನಂಗಿಲ್ಲ.

ಆಕ್ಷೇಪಣೆ ವಿಷಯ. ಅಥ್ಲೆಟಿಕ್ಸ್ ನಿಯಮದಾಗ ಫಲಿತಾಂಶದ ತಕರಾರಿಗೆ 30 ನಿಮಿಷ. ಆದ್ರ ಓಡೋ ಅರ್ಹತೆ ಬಗ್ಗೆ ತಕರಾರು ಸ್ಪರ್ಧೆ ಶುರುವಾಗೋಕ್ಕಿಂತ ಮೊದಲೇ ಕೊಡಬೇಕು. ಅಷ್ಟ್ರೊಳಗ ತೀರ್ಮಾನ ಆಗಲಿಲ್ಲಂದ್ರ "ಆಕ್ಷೇಪಣೆಗೆ ಒಳಪಟ್ಟು" ಅಂತ ಓಡಸಬೇಕು, ಹೊರಗ ನಿಲ್ಲಸಾಕ ಬರಂಗಿಲ್ಲ. ಈ ಸಾಲು ಪ್ರಿಂಟ್ ತಗೊಂಡು ನಿಮ್ಮ ಪಿಟಿ ಸರ್ ಜೇಬಿನಾಗ ಇರಲಿ. ಕಾಲ್ ರೂಮಿನಾಗ (ಓಟಕ್ಕ ಮೊದಲು ಹೆಸರು ಕರೆಯೋ ಜಾಗ) ಬಾಯಿ ಜೋರು ಇದ್ದವರದ್ದೇ ನಡೀತೈತಿ. ಹೀಟ್ಸ್ (ಮೊದಲ ಸುತ್ತು) ತಪ್ಪಿದ್ರ ಆಮ್ಯಾಲೆ ನ್ಯಾಯ ಸಿಕ್ಕೂ ಉಪಯೋಗಿಲ್ಲ.

400 ಮೀಟರ್ ಒಂದಕ್ಕೇ ಕಳಸ್ರಿ, ಕಬಡ್ಡಿ ಈ ವರ್ಷ ಬಿಡ್ರಿ. ಓಟದಾಗ ಆಕಿದು ಆಕಿಗೆ ಲೈನ್. ಕಬಡ್ಡಿಯೊಳಗ ಹಿಡಿಯೋದು, ಕೆಡವೋದು. ಒಬ್ಬಾಕಿಗೆ ಮೊಣಕಾಲು ಉಳುಕಿದ್ರೂ ಹೆಸರು ನಿಮ್ಮ ಹುಡುಗಿದೇ ಬರ್ತೈತಿ. ಜಿಲ್ಲಾ ಮಟ್ಟಕ್ಕ ಹೋದ್ರ ರಾತ್ರಿ ಉಳಿಯೋದು ಸಾಲಿ ಕೋಣ್ಯಾಗ, ಸಾಲಾಗಿ ಚಾಪಿ. ಬ್ಯಾರೆ ಹುಡುಗಿಯರ ತಾಯಂದಿರ ಸಿಟ್ಟು ಹುಟ್ಟೋದು ಅಲ್ಲಿ, ಟ್ರ್ಯಾಕ್‌ನಾಗ ಅಲ್ಲ. ಮನಿಯಿಂದ ಒಬ್ಬ ಹೆಣ್ಣುಮಗಳು ಜೊತಿಗೆ ಬರಲಿ, ಮಲಗಾಕ ಬ್ಯಾರೆ ಕೋಣೆ ಬರಹದಾಗ ಕೇಳ್ರಿ, ಟ್ರ್ಯಾಕ್‌ಸೂಟ್ ಮನಿಯಿಂದಲೇ ಹಾಕ್ಕೊಂಡು ಹೋಗಲಿ.

ಬಳ್ಳಾರಿ ಕೋಟೆ ಓಟ

ಕಬಡ್ಡಿ ಯಾಕೆ ಬಿಡಬೇಕು ಸರ್? ಇವತ್ತು ಕಬಡ್ಡಿ ಬಿಡು ಅಂತೀರಿ, ನಾಳೆ ಓಟ ಬಿಡು ಅಂತೀರಿ. 13ನೇ ಕಲಮಿನಲ್ಲಿ ಕಬಡ್ಡಿ ಹೊರತುಪಡಿಸಿ ಅಂತ ಬರೆದಿಲ್ಲ.

ಮಾನ್ವಿ ಪಿಟಿ ಮಾಸ್ತರ

ಕಲಂ ಕೋರ್ಟ್‌ನಾಗ ಗೆಲ್ಲತೈತಿ. ಮೈದಾನದಾಗ ಆ ಕೂಸು ಒಬ್ಬಾಕಿನೇ ನಿಂತಿರ್ತಾಳ, ನೀವು ಇರಂಗಿಲ್ಲ.

ಹುಲಿಗಿ ಭಕ್ತ

ಇಷ್ಟೆಲ್ಲ ಯಾಕ್ರಿ. ಹುಲಿಗೆಮ್ಮನ ಕರಿ ಇರ್ತೈತಿ. ಹುಲಿಗಿಗೆ ಕರಕೊಂಡು ಬಂದು ಮುತ್ತು ಕಟ್ಟಿಸಿ ದೇವಿ ಸೇವೆಗೆ ಬಿಡ್ರಿ, ಸಮಾಧಾನ ಆಕ್ಕೈತಿ.

ಸಿಂಧನೂರು ತಾಯಿ

ದಯವಿಟ್ಟು ನಿಲ್ಲಿಸಿ. ಸಾಲಿ ಕಲಿಯೋ ಮಗು ಅದು. ಜೋಗಪ್ಪಂದಿರ ಮೇಲೆ ನನಗೆ ಗೌರವ ಇದೆ, ಬಳ್ಳಾರಿ ಜಿಲ್ಲೆಯ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಹೆಮ್ಮೆ ಪಟ್ಟವಳು ನಾನು. ಆದರೆ 13ಕ್ಕೆ ಮುತ್ತು ಕಟ್ಟಿದರೆ ಶಾಲೆ ಮುಗೀತು. ಓಡೋಕೆ ದಾರಿ ಕೇಳಿದವರಿಗೆ ಇದು ಉತ್ತರ ಅಲ್ಲ.

ಮಾನ್ವಿ ಸರ್, ಒಂದು ಸೇರಿಸಿ: ಸೂಜಿ ಬದಲು ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಬರೆದರೆ ಅದು ಮೂತ್ರವರ್ಧಕ, ಉದ್ದೀಪನ ಮದ್ದಿನ ನಿಷೇಧ ಪಟ್ಟಿಯಲ್ಲಿದೆ. ರಾಷ್ಟ್ರಮಟ್ಟಕ್ಕೆ ಹೋದಾಗ ಮೂತ್ರದ ಸ್ಯಾಂಪಲ್ ತಗೋಬಹುದು. ಮೊದಲೇ ಚಿಕಿತ್ಸಾ ವಿನಾಯಿತಿ ತಗೊಂಡಿರಬೇಕು. ಮಗು ಓಡುತ್ತೆ ಅಂತ ಡಾಕ್ಟರ್‌ಗೆ ಮೊದಲ ದಿನವೇ ಹೇಳಿ.

ಗಂಗಾವತಿ ಸೋದರತ್ತಿ

ಎಲ್ಲಾರಿಗೂ ಶರಣು. ಅಣ್ಣ-ಅತ್ತಿಗಿ ಬೆಂಗಳೂರಾಗ ಗಾರೆ ಕೆಲಸಕ್ಕ ಅದಾರ, ಮಗು ನನ್ನ ಹತ್ರಾನೇ. ಆಧಾರ್ ಎಲ್ಲಾರದ್ದೂ ಗಂಗಾವತಿ ವಿಳಾಸ. ಅರ್ಜಿ ಹೆಂಗ?

ಕೊಪ್ಪಳ ಅರ್ಜಿಕಟ್ಟೆ

ಅಣ್ಣಾರ ಸಹಿ ಬೇಕೇಬೇಕು. ಆನ್‌ಲೈನ್ ಅರ್ಜಿಗೆ ಅಲ್ಲಿಂದಲೇ ಅಫಿಡವಿಟ್ ನೋಟರಿ ಮಾಡಿಸಿ ಸ್ಕ್ಯಾನ್ ಕಳಸಲಿ, ಮೂಲ ಪ್ರತಿ ಬಸ್ಸಿನಾಗ ಬರಲಿ. ವಾಸಕ್ಕ ಮಗುವಿನ ವ್ಯಾಸಂಗ ಪ್ರಮಾಣಪತ್ರ ಲಗತ್ತಿಸ್ರಿ, ಕಳೆದ ವರ್ಷದ್ದೂ ಈ ವರ್ಷದ್ದೂ ಎರಡೂ. 30 ದಿನಕ್ಕ ಕಾಯಬ್ಯಾಡ್ರಿ. ಅರ್ಜಿ ನಂಬರ್ ಬಂದ ದಿನವೇ ಅದನ್ನ ಹೆಡ್‌ಮಾಸ್ತರ ಪತ್ರದಾಗ ಬರೆಸಿ ಬಿಇಒ ಕಚೇರಿಗೆ ಮುಟ್ಟಿಸ್ರಿ.

ಸಿರುಗುಪ್ಪ ಅಪ್ಪ

ಆ ಪತ್ರದ ಪ್ರತಿ ಉಳಿದ ಶಾಲೆಗಳಿಗೂ ಕೊಡ್ರಿ. ಮುಚ್ಚಿಟ್ಟು ಓಡಿಸಿದ್ರೆ ನಾನೇ ಆಕ್ಷೇಪಣೆ ಹಾಕ್ತೀನಿ.

ಮಾನ್ವಿ ಪಿಟಿ ಮಾಸ್ತರ

ಮಗುವಿನ ವೈದ್ಯಕೀಯ ವಿಷಯ ಯಾವ ಸಾಲಿಗೂ ಕೊಡಂಗಿಲ್ಲ. ಆಕ್ಷೇಪಣೆ ಹಾಕೋರು ಹಾಕ್ರಿ, ಗುಂಡು ಹಾರೋ ಮೊದಲು, ಬರಹದಾಗ, ಹೆಸರು ಹಾಕಿ.