ಐಎಸ್‌ಒದಿಂದ ಬೂಟ್ ಮಾಡಿದರೆ ಮಾತ್ರ ಎಸ್‌ಟಿಐ ಆದ ತಕ್ಷಣ ರೀಬೂಟ್ (32 ಬಿಟ್ ಕರ್ನಲ್, ಗ್ರಬ್ 2)

ಸುಂಟಿಕೊಪ್ಪ_32ಬಿಟ್:
ಎಲ್ಲರಿಗೂ ನಮಸ್ಕಾರ. ಕಲಿಯೋದಕ್ಕೆ ಅಂತ ಸಣ್ಣದೊಂದು ಕರ್ನಲ್ ಬರೀತಿದ್ದೀನಿ. ಮಲ್ಟಿಬೂಟ್ 1 ಹೆಡರ್ (ಗ್ರಬ್‌ನಂಥ ಬೂಟ್‌ಲೋಡರ್ ಕರ್ನಲನ್ನ ಗುರುತಿಸೋಕೆ ಇರೋ ನಿಯಮದ್ದು), ನಾಸ್ಮ್ ಅಸೆಂಬ್ಲರ್, ಐ686 ಕ್ರಾಸ್ ಕಂಪೈಲರ್. ಬಿ8000ಕ್ಕೆ (ಟೆಕ್ಸ್ಟ್ ಸ್ಕ್ರೀನಿನ ಮೆಮೊರಿ ವಿಳಾಸ) ಬರೆದು ಸ್ಕ್ರೀನಲ್ಲಿ ಅಕ್ಷರ ತೋರಿಸೋದು ಆಗಿದೆ. 256 ನಮೂದುಗಳ ಐಡಿಟಿ (ಯಾವ ಇಂಟರಪ್ಟ್‌ಗೆ ಯಾವ ಹ್ಯಾಂಡ್ಲರ್ ಅನ್ನೋ ಪಟ್ಟಿ) ಇದೆ, ಟೈಮರ್ 100 ಹರ್ಟ್ಸ್‌ಗೆ ಇಟ್ಟಿದ್ದೀನಿ, ಪ್ರತಿ ಟಿಕ್‌ಗೂ ಒಂದು ಚುಕ್ಕೆ ಬರಬೇಕು.

ಕ್ಯೂಎಮು ಎಮ್ಯುಲೇಟರ್‌ಗೆ -ಕರ್ನಲ್ ಅಂತ ನೇರ ಫೈಲ್ ಕೊಟ್ಟರೆ ಚುಕ್ಕೆಗಳು ಸರಿಯಾಗಿ ಬರ್ತವೆ. ಅದೇ ಫೈಲನ್ನ ಗ್ರಬ್ ಜೊತೆ ಐಎಸ್‌ಒ ಮಾಡಿ ಬೂಟ್ ಮಾಡಿದರೆ ರೀಬೂಟ್ ಲೂಪ್. ಇಂಟರಪ್ಟ್‌ಗಳನ್ನ ಆನ್ ಮಾಡೋ ಎಸ್‌ಟಿಐ ಸಾಲು ತೆಗೆದರೆ ಲೂಪ್ ಇಲ್ಲ. ಜಿಡಿಟಿ (ಮೆಮೊರಿ ಸೆಗ್ಮೆಂಟ್‌ಗಳ ಪಟ್ಟಿ) ನಾನು ಹಾಕಿಲ್ಲ, ಗ್ರಬ್ಬೇ ಪ್ರೊಟೆಕ್ಟೆಡ್ ಮೋಡ್‌ಗೆ ತಂದು ಬಿಡುತ್ತಲ್ಲ. ಇಲ್ಲಿ ಮಳೆ ಹಿಡಿದಿದೆ, ನೆಟ್ ಬಂದರೆ ಬಂತು. ದೊಡ್ಡ ಡೌನ್‌ಲೋಡ್ ಬೇಕಾಗುವ ದಾರಿ ಹೇಳಬೇಡಿ.

ಹಾರಂಗಿ_ಹಿನ್ನೀರು:
ಎಸ್‌ಟಿಐ ಆದ ಕೂಡಲೇ ಬಿದ್ದರೆ ಮೊದಲು ನೋಡಬೇಕಾದ್ದು ಪಿಐಸಿ, ಅಂದರೆ ಸಾಧನಗಳ ಇಂಟರಪ್ಟನ್ನ ಸಿಪಿಯುಗೆ ತಲುಪಿಸೋ ಚಿಪ್. ಬಯೋಸ್ ಬಿಟ್ಟುಹೋಗುವ ಜೋಡಣೆಯಲ್ಲಿ ಐಆರ್‌ಕ್ಯೂ 0 (ಟೈಮರ್‌ನ ಇಂಟರಪ್ಟ್) ಬರೋದು ವೆಕ್ಟರ್ 8ಕ್ಕೆ, ಅಂದರೆ ಐಡಿಟಿಯಲ್ಲಿ 8ರ ನಮೂದಿಗೆ. ಪ್ರೊಟೆಕ್ಟೆಡ್ ಮೋಡ್‌ನಲ್ಲಿ 8 ಅಂದರೆ ಡಬಲ್ ಫಾಲ್ಟ್, ಒಂದು ದೋಷ ನಿಭಾಯಿಸುವಾಗಲೇ ಇನ್ನೊಂದು ದೋಷ. ಅಂದರೆ ಟೈಮರ್ ಬಡಿದರೂ ನಿಮ್ಮ ಕೋಡ್ ಅದನ್ನ ಡಬಲ್ ಫಾಲ್ಟ್ ಅಂತಲೇ ತಿಳಿಯುತ್ತೆ.

ಐಆರ್‌ಕ್ಯೂಗಳನ್ನ ವೆಕ್ಟರ್ 20ರಿಂದ ಶುರು ಮಾಡಿಸೋ ರೀಮ್ಯಾಪ್ ಕ್ರಮ ಇದು, ಅಂಕಿಗಳೆಲ್ಲ ಹೆಕ್ಸ್: ಎರಡು ಪಿಐಸಿಗಳ ಪೋರ್ಟ್ 20 ಮತ್ತು ಎ0ಗೆ 11. ಆಮೇಲೆ 21ಕ್ಕೆ 20, ಎ1ಕ್ಕೆ 28. ಆಮೇಲೆ 21ಕ್ಕೆ 04, ಎ1ಕ್ಕೆ 02. ಕೊನೆಗೆ ಎರಡಕ್ಕೂ 01. ನಂತರ ಮಾಸ್ಕ್: ಸದ್ಯಕ್ಕೆ 21ಕ್ಕೆ ಎಫ್‌ಇ, ಎ1ಕ್ಕೆ ಎಫ್‌ಎಫ್ ಹಾಕಿ. ಟೈಮರ್ ಬಿಟ್ಟು ಮಿಕ್ಕಿದ್ದೆಲ್ಲ ಬಾಯಿ ಮುಚ್ಚಿಕೊಂಡಿರಲಿ.

ಇದೆಲ್ಲ ಆಗಿದ್ದರೆ ಊಹೆ ಸಾಕು, ಲಾಗ್ ಹಾಕಿ. ಕ್ಯೂಎಮುಗೆ -ಡಿ ಇಂಟ್,ಸಿಪಿಯು_ರೀಸೆಟ್ -ನೋ-ರೀಬೂಟ್ ಕೊಡಿ, ಈ ಸಣ್ಣ -ಡಿ ಜೊತೆಗೆ, ಲಾಗನ್ನ ಫೈಲಿಗೆ ಬರೆಯಲು ಕ್ಯಾಪಿಟಲ್ -ಡಿ. ಕೆವಿಎಂ (ನಿಜವಾದ ಸಿಪಿಯು ಮೇಲೇ ಓಡಿಸೋ ಆಯ್ಕೆ) ಹಾಕಿದ್ದರೆ ತೆಗೀರಿ, ಅದಿದ್ದರೆ ಈ ಲಾಗ್ ಬರಲ್ಲ. ಶುರುವಿನಲ್ಲಿ ಎಸ್‌ಎಂಎಂ ಅಂತ ರಾಶಿ ಬಿದ್ದಿರುತ್ತೆ, ಅದು ಬಯೋಸ್‌ದು. ಕೊನೆಯಿಂದ ಮೇಲಕ್ಕೆ ಓದಿ.

ಸುಂಟಿಕೊಪ್ಪ_32ಬಿಟ್:
ರೀಮ್ಯಾಪ್ ನೀವು ಹೇಳಿದ ಹಾಗೇ ಇದೆ ಅಣ್ಣ. ಲಾಗ್‌ನ ಕೊನೆಯಲ್ಲಿ ಇರೋದು:

ವಿ=20 ಇ=0000 … ಐಪಿ=0010:00100ಎ4ಸಿ
ವಿ=0ಡಿ ಇ=0008 … ಐಪಿ=0010:00100ಎ4ಸಿ
ವಿ=08 ಇ=0000 … ಐಪಿ=0010:00100ಎ4ಸಿ
ಟ್ರಿಪಲ್ ಫಾಲ್ಟ್

ರಿಂಗ್‌ಸೊನ್ನೆ_ವಿರಾಜಪೇಟೆ:
ಉತ್ತರ ಈ ನಾಲ್ಕು ಸಾಲಲ್ಲೇ ಇದೆ.

ವಿ ಅಂದರೆ ವೆಕ್ಟರ್, ಇ ಅಂದರೆ ಎರರ್ ಕೋಡ್. ಮೊದಲನೇ ಸಾಲು ವಿ=20. ಟೈಮರ್ 20ಕ್ಕೆ ಬಂದಿದೆ, ಅಂದರೆ ಪಿಐಸಿ ಚೆನ್ನಾಗಿದೆ. ರೀಮ್ಯಾಪ್ ಆಗದಿದ್ದರೆ ಮೊದಲೇ ವಿ=08 ಕಾಣ್ತಿತ್ತು. ಎರಡನೇದು 0ಡಿ, ಜನರಲ್ ಪ್ರೊಟೆಕ್ಷನ್. ಅದರ ಎರರ್ ಕೋಡ್ 0008 ನೋಡಿ. ಈ ಕೋಡ್‌ನಲ್ಲಿ ಬಿಟ್ 1 ಹತ್ತಿದ್ದರೆ ತಕರಾರು ಐಡಿಟಿ ನಮೂದಿನದು; ವೆಕ್ಟರ್ 20ರ ನಮೂದೇ ಕೆಟ್ಟಿದ್ದರೆ ಇ=0102 ಬರ್ತಿತ್ತು (20ನ್ನ 8ರಿಂದ ಗುಣಿಸಿ 2 ಕೂಡಿಸಿ, ಹೆಕ್ಸ್‌ನಲ್ಲಿ). ನಿಮ್ಮಲ್ಲಿ ಆ ಬಿಟ್ ಇಲ್ಲ. ಹಾಗಾಗಿ 0008 ಅನ್ನೋದು ಜಿಡಿಟಿ ಸೆಲೆಕ್ಟರ್, ಅಂದರೆ ಜಿಡಿಟಿಯ ಒಂದು ನಮೂದಿನ ಗುರುತು. ನಿಜವಾದ ಸಿಪಿಯುನಲ್ಲಿ ಇದು 0009 ಅಂತಲೂ ಬರಬಹುದು, ಹೊರಗಿನ ಇಂಟರಪ್ಟ್ ಅಂತ ಕೊನೆಯ ಬಿಟ್ ಹತ್ತುತ್ತೆ.

ಈಗ ಐಪಿ ನೋಡಿ, 0010 ಅಂತ ಶುರುವಾಗುತ್ತೆ. ಅದು ಸಿಎಸ್, ಅಂದರೆ ಕೋಡ್ ಸೆಗ್ಮೆಂಟ್ ರಿಜಿಸ್ಟರ್; ಗ್ರಬ್ ನಿಮಗೆ ಕೊಟ್ಟಿರೋದು 10. ನಿಮ್ಮ ಐಡಿಟಿಯ ಎಲ್ಲ ನಮೂದುಗಳಲ್ಲೂ ಸೆಲೆಕ್ಟರ್ 08 ಇದೆ. ಗ್ರಬ್‌ನ ಜಿಡಿಟಿಯಲ್ಲಿ 08ರ ಜಾಗದಲ್ಲಿ ಕೋಡ್ ಸೆಗ್ಮೆಂಟ್ ಇಲ್ಲ. ಟೈಮರ್ ಬಂತು, 08 ಹಿಡಿಯೋಕೆ ಹೋಯಿತು, 0ಡಿ ಆಯಿತು. ಆ 0ಡಿಯ ನಮೂದಿನಲ್ಲೂ 08, ಡಬಲ್ ಫಾಲ್ಟ್‌ನ ನಮೂದಿನಲ್ಲೂ 08. ಮೂರನೇ ಸಲವೂ ಬಿದ್ದರೆ ಅದೇ ಟ್ರಿಪಲ್ ಫಾಲ್ಟ್, ಸಿಪಿಯು ರೀಸೆಟ್. ಮುಗೀತು. -ಕರ್ನಲ್‌ನಲ್ಲಿ ಕ್ಯೂಎಮುವಿನ ಲೋಡರ್ ಕೋಡ್ ಸೆಗ್ಮೆಂಟನ್ನ 08ಕ್ಕೇ ಇಡುತ್ತೆ, ಅದಕ್ಕೇ ಅಲ್ಲಿ ಓಡ್ತಿತ್ತು.

ಐಡಿಟಿಯಲ್ಲಿ 08 ತೆಗೆದು 10 ಹಾಕಿದರೆ ಐಎಸ್‌ಒ ಓಡಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಜಿಡಿಟಿಆರ್‌ನಲ್ಲಿ (ಜಿಡಿಟಿ ಎಲ್ಲಿದೆ ಅಂತ ಇಟ್ಟುಕೊಳ್ಳೋ ರಿಜಿಸ್ಟರ್) ಏನಿದೆ ಅನ್ನೋದನ್ನ ನಂಬಬೇಡಿ, ನಿಮ್ಮದೇ ಹಾಕಿಕೊಳ್ಳಿ ಅಂತ ಮಲ್ಟಿಬೂಟ್ ನಿಯಮವೇ ಹೇಳುತ್ತೆ. ಗ್ರಬ್‌ನ ಟೇಬಲ್ ಇರುವ ಮೆಮೊರಿಯನ್ನ ನಾಳೆ ನಿಮ್ಮ ಅಲೊಕೇಟರೇ ಅಳಿಸಿಹಾಕುತ್ತೆ.

ಮೂರು ನಮೂದು ಸಾಕು, ಒಟ್ಟು 24 ಬೈಟ್:
ಸೊನ್ನೆ: ಎಂಟೂ ಬೈಟ್ 00
08 ಕೋಡ್: ಎಫ್‌ಎಫ್ ಎಫ್‌ಎಫ್ 00 00 00 9ಎ ಸಿಎಫ್ 00
10 ಡೇಟಾ: ಎಫ್‌ಎಫ್ ಎಫ್‌ಎಫ್ 00 00 00 92 ಸಿಎಫ್ 00

ಲಿಮಿಟ್ 23, ಅಂದರೆ ಹೆಕ್ಸ್ 17. ಸಿಎಲ್‌ಐ (ಇಂಟರಪ್ಟ್ ಆಫ್), ಎಲ್‌ಜಿಡಿಟಿ (ಹೊಸ ಜಿಡಿಟಿ ಲೋಡ್), 08ಕ್ಕೆ ಫಾರ್ ಜಂಪ್ (ಸಿಎಸ್ ಕೂಡ ಬದಲಿಸೋ ಜಂಪ್), ಆಮೇಲೆ ಡಿಎಸ್, ಇಎಸ್, ಎಫ್‌ಎಸ್, ಜಿಎಸ್, ಎಸ್‌ಎಸ್ ಐದಕ್ಕೂ 10. ಫಾರ್ ಜಂಪ್ ಬಿಡೋ ಹಾಗಿಲ್ಲ. ಎಲ್‌ಜಿಡಿಟಿ ಮಾತ್ರ ಕೊಟ್ಟರೆ ಸಿಎಸ್ ಹಳೇದೇ ಇರುತ್ತೆ. ಸ್ಟ್ಯಾಕ್ ಪಾಯಿಂಟರ್ ಇಎಸ್‌ಪಿಯನ್ನೂ ನಿಮ್ಮ ಬಿಎಸ್‌ಎಸ್‌ನಲ್ಲಿರುವ 16 ಕೆಬಿ ಸ್ಟ್ಯಾಕ್‌ಗೆ ತಿರುಗಿಸಿ. ಮಲ್ಟಿಬೂಟ್ ನಿಯಮದ ಪ್ರಕಾರ ಗ್ರಬ್ ಸ್ಟ್ಯಾಕ್ ಕೊಡಲೇಬೇಕು ಅಂತಿಲ್ಲ.

ಸುಂಟಿಕೊಪ್ಪ_32ಬಿಟ್:
ಅಕ್ಕ, ಹಾಕಿದೆ. ಈಗ ಎಸ್‌ಟಿಐವರೆಗೂ ಹೋಗ್ತಿಲ್ಲ, ಫಾರ್ ಜಂಪ್‌ನಲ್ಲೇ ಬೀಳುತ್ತೆ. ಎಲ್‌ಜಿಡಿಟಿ ಆದ ಮೇಲೆ ಸಿಪಿಯು ನಿಲ್ಲಿಸೋ ಎಚ್‌ಎಲ್‌ಟಿ ಹಾಕಿ ಕ್ಯೂಎಮು ಮಾನಿಟರ್‌ನಲ್ಲಿ ಇನ್ಫೋ ರಿಜಿಸ್ಟರ್ಸ್ ನೋಡಿದರೆ ಜಿಡಿಟಿ= 50200000 00000017. ಮ್ಯಾಪ್ ಫೈಲಲ್ಲಿ ಟೇಬಲ್ ಇರೋದು 00105020ರಲ್ಲಿ. ಐಡಿಟಿಯ ಲಿಮಿಟ್, ಬೇಸ್ ಜೋಡಿಯನ್ನ ನಾಸ್ಮ್‌ನಲ್ಲಿ ಬರೆದಿದ್ದೆ, ಜಿಡಿಟಿಯದನ್ನ ಸಿಯಲ್ಲಿ ಸ್ಟ್ರಕ್ಟ್ ಮಾಡಿದ್ದೀನಿ.

ರಿಂಗ್‌ಸೊನ್ನೆ_ವಿರಾಜಪೇಟೆ:
ಒಳ್ಳೇ ಕಡೆ ಎಚ್‌ಎಲ್‌ಟಿ ಹಾಕಿದ್ದೀರಿ. 00105020ರ ಕೆಳಗಿನ ಅರ್ಧ 5020 ಇದೆಯಲ್ಲ, ಅದು ಮೇಲಿನ ಅರ್ಧಕ್ಕೆ ಹೋಗಿ ಕೂತಿದೆ. 16 ಬಿಟ್ ಲಿಮಿಟ್ ಆದ ಮೇಲೆ 32 ಬಿಟ್ ಬೇಸ್ ಬರೋ ಮೊದಲು ಕಂಪೈಲರ್ ಎರಡು ಬೈಟ್ ಖಾಲಿ ಬಿಟ್ಟಿದೆ. ಸಿಪಿಯು ಓದೋದು ಒತ್ತೊತ್ತಾದ 6 ಬೈಟ್, ನಿಮ್ಮ ಸ್ಟ್ರಕ್ಟ್ 8 ಬೈಟ್. ಸ್ಟ್ರಕ್ಟ್‌ಗೆ ಪ್ಯಾಕ್ಡ್ ಆಟ್ರಿಬ್ಯೂಟ್ ಹಾಕಿ. ಸೈಜ್‌ಆಫ್ 6 ಇಲ್ಲದಿದ್ದರೆ ಕಂಪೈಲೇ ಆಗದ ಹಾಗೆ ಒಂದು ಸ್ಟ್ಯಾಟಿಕ್ ಅಸರ್ಟ್ ಕೂಡ ಇಡಿ. ಎಲ್‌ಜಿಡಿಟಿ ಈ ತಪ್ಪು ವಿಳಾಸವನ್ನ ತುಟಿಪಿಟಕ್ಕೆನ್ನದೆ ತಗೊಳ್ಳುತ್ತೆ, ಪೆಟ್ಟು ಬೀಳೋದು ಮುಂದಿನ ಸಾಲಿಗೆ.

ಸುಂಟಿಕೊಪ್ಪ_32ಬಿಟ್:
ಐಎಸ್‌ಒದಲ್ಲೂ ಚುಕ್ಕೆ ಬಂತು! ಮಾಸ್ಕನ್ನ ಎಫ್‌ಸಿ ಮಾಡಿ ಕೀಬೋರ್ಡ್ ಬಿಟ್ಟೆ. ಒಂದು ಕೀ ಒತ್ತಿದರೆ ಒಂದು ಸಲ ಹ್ಯಾಂಡ್ಲರ್ ಓಡುತ್ತೆ, ಆಮೇಲೆ ಇಲ್ಲ. ಟೈಮರ್ ಮಾತ್ರ ಓಡ್ತಾನೇ ಇದೆ.

ಹಾರಂಗಿ_ಹಿನ್ನೀರು:
ಟೈಮರ್ ಓಡ್ತಿದೆ ಅಂದಮಾತ್ರಕ್ಕೆ ಇಒಐ (ಇಂಟರಪ್ಟ್ ಮುಗೀತು ಅಂತ ಪಿಐಸಿಗೆ ಹೇಳೋದು) ಸರಿಯಿದೆ ಅನ್ನೋ ಹಾಗಿಲ್ಲ. ಐಆರ್‌ಕ್ಯೂ 0 ಕೀಬೋರ್ಡ್‌ಗಿಂತ ಮೇಲಿನ ದರ್ಜೆಯದು, ಕೀಬೋರ್ಡ್‌ನ ಇಒಐ ಬಾಕಿ ಇದ್ದರೂ ಅದು ನುಗ್ಗುತ್ತೆ. ಆದ್ದರಿಂದ ಎರಡು ಕಡೆ ನೋಡಿ. ಕೀಬೋರ್ಡ್ ಹ್ಯಾಂಡ್ಲರ್‌ನಲ್ಲಿ ಪೋರ್ಟ್ 60 ಓದಲೇಬೇಕು, ಅಕ್ಷರ ನಿಮಗೆ ಬೇಡದಿದ್ದರೂ. ಓದದಿದ್ದರೆ ಬಫರ್ ತುಂಬಿಯೇ ಇರುತ್ತೆ, ಮುಂದಿನ ಇಂಟರಪ್ಟ್ ಬರಲ್ಲ. ಆಮೇಲೆ ಪೋರ್ಟ್ 20ಕ್ಕೆ 20 ಬರೆದು ಇಒಐ. ಐಆರ್‌ಕ್ಯೂ 8ರಿಂದ ಮೇಲಿನವಕ್ಕೆ ಎ0ಗೂ ಬರೀಬೇಕು. ‘ಎ’ ಒತ್ತಿದಾಗ 1ಇ, ಬಿಟ್ಟಾಗ 9ಇ ಬರುತ್ತೆ. ಎರಡೂ ಕಂಡರೆ ಸರಿಯಾಯಿತು ಅಂತ.

ಸುಂಟಿಕೊಪ್ಪ_32ಬಿಟ್:
60 ಓದ್ತಿರಲಿಲ್ಲ. ಈಗ 1ಇ, 9ಇ ಎರಡೂ ಬರ್ತಿವೆ. ಇದನ್ನ ಹಳೇ ಡೆಸ್ಕ್‌ಟಾಪ್‌ನಲ್ಲಿ ಓಡಿಸಬಹುದಾ?

ರಿಂಗ್‌ಸೊನ್ನೆ_ವಿರಾಜಪೇಟೆ:
ಓಡಿಸಿ. ಗ್ರಬ್‌ನ ಆ ಐಎಸ್‌ಒವನ್ನ ಡಿಡಿ ಕಮಾಂಡ್‌ನಿಂದ ನೇರ ಪೆನ್‌ಡ್ರೈವ್‌ಗೆ ಬರೀಬಹುದು. ಎಸ್‌ಡಿಬಿ ಅಂತ ಪೂರ್ತಿ ಡ್ರೈವ್ ಹೆಸರು ಕೊಡಿ, ಎಸ್‌ಡಿಬಿ1 ಅಲ್ಲ, ಅದು ಒಂದು ಪಾರ್ಟಿಷನ್ ಮಾತ್ರ. ಬರೆಯೋ ಮೊದಲು ಡ್ರೈವ್‌ಗಳ ಪಟ್ಟಿ ತೋರಿಸೋ ಎಲ್‌ಎಸ್‌ಬಿಎಲ್‌ಕೆ ಕೊಟ್ಟು ಗಾತ್ರ ನೋಡಿ ಖಚಿತ ಮಾಡಿಕೊಳ್ಳಿ, ಡಿಡಿ ಹಾರ್ಡ್‌ಡಿಸ್ಕ್ ಪೆನ್‌ಡ್ರೈವ್ ಅಂತ ಭೇದ ಮಾಡಲ್ಲ. ಬಯೋಸ್‌ನಲ್ಲಿ ಲೆಗಸಿ ಬೂಟ್ ಇರಲಿ. ಯುಇಎಫ್‌ಐನಲ್ಲಿ ಎದ್ದರೆ ಬಿ8000ಕ್ಕೆ ಬರೆದದ್ದು ಕಾಣಲ್ಲ, ಕರ್ನಲ್ ಸತ್ತಿದೆ ಅಂತ ಸುಮ್ಮನೆ ಹುಡುಕಾಡ್ತೀರಿ. ಗುಂಡು ಪಿನ್ನಿನ ಪಿಎಸ್/2 ಕೀಬೋರ್ಡ್ ಸಿಕ್ಕರೆ ಅದನ್ನೇ ಹಾಕಿ. ಯುಎಸ್‌ಬಿಯದು ಪೋರ್ಟ್ 60ಕ್ಕೆ ಬರಬೇಕಾದರೆ ಬಯೋಸ್‌ನ ಲೆಗಸಿ ಯುಎಸ್‌ಬಿ ಸಪೋರ್ಟ್ ಆನ್ ಇರಬೇಕು.